ಬಂಡೆ ಸಂದಿಯಲ್ಲಿ ಸಿಕ್ಕ ಸೈಕಲ್ಲು

ಗುಡ್ಡ ಇಳಿಯುವ ನನ್ನ ಸೈಕಲ್ಲಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಗಾಳಿಯೇ ಸ್ಪ್ರಿಂಗು. ಅವತ್ತು ಕೂಡ್ಲಿಗಿ ಹತ್ತಿರದ ಗುಡ್ಡದ ತಲೆಯಲ್ಲಿ ಕೂತು ನನ್ನ ತೂಕಕ್ಕೆ ತಕ್ಕಷ್ಟು ಗಾಳಿ ಹೊಂದಿಸಿಕೊಂಡೆ. ಆದರೆ ಕುಗ್ಗಿದ ಫೋರ್ಕು ಮತ್ತೆ ಮೇಲೇಳುವ ವೇಗವನ್ನು ತೀರಾ ನಿಧಾನ ಮಾಡಿಬಿಟ್ಟಿದ್ದೆ. ಇಳಿಯುವಾಗ ಸಾಲುಗಲ್ಲುಗಳ ಮೇಲೆ ಅದು ಮೇಲೇಳಲು ಹೊತ್ತು ಸಿಗದೆ ಕುಗ್ಗುತ್ತಲೇ ಹೋಯಿತು. ಮುಗ್ಗರಿಸಿ ಎರಡು ಬಂಡೆಗಳ ನಡುವೆ ಬಿದ್ದೆ. ಸೈಕಲ್ಲು ಅಡ್ಡಲಾಗಿ ಸಿಕ್ಕಿಕೊಂಡಿತು, ಅದರಡಿ ನನ್ನ ಎಡಗಾಲು. ಫೋರ್ಕು ಈಗ ನಿಧಾನವಾಗಿ ಚಾಚಿಕೊಳ್ಳುತ್ತ ಕಾಲನ್ನು ಬಂಡೆಗೆ ಒತ್ತತೊಡಗಿತು.

ಕೂಗಿದೆ. ಬಿಸಿಲೇರಿ ಬಂಡೆ ಬೆನ್ನು ಸುಡುತ್ತಿತ್ತು. ಈ ಗುಡ್ಡಗಳಲ್ಲಿ ಕರಡಿಗಳಿರುವುದು ನೆನಪಾಗಿ ಕೂಗುವುದನ್ನೂ ನಿಲ್ಲಿಸಿದೆ.

ಎಷ್ಟೋ ಹೊತ್ತಿನ ಮೇಲೆ ಕುರಿ ಮೇಯಿಸುವ ಅಜ್ಜಿಯೊಬ್ಬಳು ಬಂದಳು. ಸೈಕಲ್ಲು ಎಳೆದಳು, ಅಲುಗಲಿಲ್ಲ.

"ಅಜ್ಜಿ, ಫೋರ್ಕಿನ ಮ್ಯಾಲಿನ ಮುಚ್ಚಳ ತಿರುವ್ರಿ. ಒಳಗಿನ ಕಡ್ಡಿ ಒತ್ತಿದ್ರ ಗಾಳಿ ಹೋಗ್ತೈತಿ," ಎಂದೆ.

ಅವಳು ಮುಚ್ಚಳ ತಿರುವಿ, ತುರುಬಿನ ಪಿನ್ನು ತೆಗೆದು ಅದರಿಂದ ಕಡ್ಡಿ ಒತ್ತಿದಳು. ಬುಸ್ಸೆಂದಿತು. ಹಿಂದಕ್ಕೆ ಜಿಗಿದು, "ಹಾವೈತೇನ್ಲೇ ಇದ್ರಾಗ!" ಎಂದಳು. ನಾನು ಬೇಡಿಕೊಂಡ ಮೇಲೆ ಮತ್ತೆ ಒತ್ತಿದಳು. ಫೋರ್ಕು ಕುಸಿದು ಕಾಲು ಸಡಿಲಾಯಿತು.

ಕಾಲು ಎಳೆದುಕೊಂಡು ಏಳಲು ನೋಡಿದೆ, ಆಗಲಿಲ್ಲ. ಕುರಿಗಳು ದೂರ ಹೋಗುತ್ತಿದ್ದರೂ ಅವಳು ನನ್ನ ಪಕ್ಕದಲ್ಲೇ ಕೂತಳು.

"ಅವಸರ ಯಾಕ? ಸುಮ್ನ ಕುಂದ್ರು," ಎಂದಳು.