ಬಡಿದು ಕೇಳುವ ಬೆರಳು

ನನ್ನ ಸೋದರಮಾವ ಶಹಾಬಾದಿನ ಖಣಿಯಲ್ಲಿ ಪರಸಿ ಕಲ್ಲು ಆರಿಸುವ ಕೆಲಸದಲ್ಲಿದ್ದರು. ನೆಲಕ್ಕೆ ಹಾಸುವ ಆ ಕಲ್ಲನ್ನು ಬೆರಳಿನ ಗೆಣ್ಣಿನಿಂದ ಮೂರು ಸಲ ಬಡಿದು, ತಲೆ ಬಗ್ಗಿಸಿ ಕೇಳುವರು. ಒಳಗೆ ಬಿರುಕಿದೆಯೋ, ಯಾವ ಖಣಿಯದೋ, ಎಲ್ಲ ಸದ್ದಿನಲ್ಲೇ ತಿಳಿಯುತ್ತಿತ್ತು. "ಬಡದು ಕೇಳು, ಅದೇ ಹೇಳ್ತದ" ಎನ್ನುವರು. ಅವರು ಬೇಡವೆಂದ ಕಲ್ಲನ್ನು ಎಲ್ಲರೂ ಎದುರಾಡದೆ ಬದಿಗಿಡುತ್ತಿದ್ದರು. ನನಗೆ ಹೆಣ್ಣು ನೋಡಲು ಹೋದಾಗ ಆ ಮನೆಯ ನೆಲವನ್ನೂ ಬಡಿದು ನೋಡಿ ನನ್ನ ಮಾನ ಕಳೆದಿದ್ದರು.

ಈಗ ಅವರಿಗೆ ಯಾರ ಗುರುತೂ ಇಲ್ಲ. ಹೋದ ವಾರ ನಾನು ಹೋದಾಗ ಹಾಸಿಗೆಯ ಮೇಲೆ ಕೂತು ಗೋಡೆ ಬಡಿಯುತ್ತಿದ್ದರು.

"ಯಾರ್ ಬಂದಾರ ನೋಡ್ರಿ, ನಿಮ್ಮ ಅಕ್ಕನ ಮಗಾ," ಎಂದರು ಅತ್ತೆ.

ಮಾವ ತಿರುಗಲಿಲ್ಲ. ನಾನು ಹಾಸಿಗೆಯ ಮೇಲೆ ಅವರ ಪಕ್ಕದಲ್ಲಿ ಕೂತೆ.

"ಮಾಮಾ, ನಾ ಯಾರ್ ಹೇಳ್ರಿ?" ಎಂದೆ. ಇದನ್ನು ಕೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬರುತ್ತೇನೆ, ಬಂದು ಅದನ್ನೇ ಕೇಳುತ್ತೇನೆ.

ಅವರ ಕೈ ಗೋಡೆ ಬಿಟ್ಟು ನನ್ನ ಮೊಣಕಾಲಿಗೆ ಬಂತು. ಮೂರು ಸಲ ಬಡಿದು, ತಲೆ ಬಗ್ಗಿಸಿ ಕಿವಿಗೊಟ್ಟರು. ಚಹಾ ತಂದಿದ್ದ ಅತ್ತೆ ಕಪ್ಪು ಹಿಡಿದುಕೊಂಡು ಹಾಗೇ ನಿಂತರು.

"ಇದು ನಮ್ಮ ಖಣೀದಲ್ಲ," ಎಂದರು ಮಾವ, ಖಣಿಯಲ್ಲಿದ್ದಾಗಿನ ಅದೇ ಗಟ್ಟಿ ದನಿಯಲ್ಲಿ. "ಬಾಜೂಕ ಇಡ್ರಿ."

ಅವರ ಕೈ ಮತ್ತೆ ಗೋಡೆಗೆ ಹೋಯಿತು. ನಾನು ಎದ್ದು ಬದಿಗೆ ಸರಿದು ಕೂತೆ.