ಮುಹೂರ್ತ ನೋಡಿ ಕೆಡುವ ಲಾರಿಗಳು

ಬೇಸಿಗೆಯಲ್ಲಿ ನಮ್ಮ ಲಾರಿಗಳು ಮುಹೂರ್ತ ನೋಡಿ ಕೆಡುತ್ತಿದ್ದವು. ಇದು ನನಗೆ ಗೊತ್ತಾದದ್ದು ಎಂ.ಕಾಂ. ಮುಗಿಸಿ ಕಾಗವಾಡದಲ್ಲಿ ಕಾಕಾನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತ ಮೊದಲ ಏಪ್ರಿಲ್‌ನಲ್ಲಿ. ಯಾವ ಗಾಡಿ ಯಾವ ದಿನ ಯಾರ ಮಾಲು ಎತ್ತಬೇಕು ಎಂದು ಹಂಚುವುದು ನನ್ನ ಕೆಲಸ. ನಿಪ್ಪಾಣಿಯ ತಂಬಾಕು, ರಾಯಬಾಗದ ಅರಿಶಿನ, ಅಥಣಿ ಕಡೆಯ ಒಣದ್ರಾಕ್ಷಿ, ಎಲ್ಲಕ್ಕೂ ಒಂದೇ ಹೊತ್ತಿಗೆ ಗಾಡಿ ಬೇಕು. ಮದುವೆಗಳೂ ಅದೇ ಹೊತ್ತಿಗೆ. ದಿಗ್ಗೇವಾಡಿಯ ಡ್ರೈವರನ ಕ್ಲಚ್ ಪ್ಲೇಟು ದಿಗ್ಗೇವಾಡಿಯಲ್ಲಿ ಲಗ್ನವಿದ್ದ ದಿನವೇ ಸುಡುತ್ತಿತ್ತು. ಅಂಕಲಿಯಲ್ಲಿ ಲಗ್ನವಿದ್ದರೆ ಅಂಕಲಿಯ ಹತ್ತಿರವೇ ಟೈರು ಪಂಕ್ಚರ್. ಮರುದಿನ ಮುಖ ಸಣ್ಣಗೆ ಮಾಡಿಕೊಂಡು ಬಂದವನ ಕಿವಿಯ ಹಿಂದೆ ಅರಿಶಿನ ಹತ್ತಿದ ಅಕ್ಕಿಕಾಳು ಅಂಟಿರುತ್ತಿತ್ತು.

ಕಾಕಾ ಬೈಯುತ್ತಿದ್ದರು, ಡ್ರೈವರುಗಳು ಆಣೆ ಮಾಡುತ್ತಿದ್ದರು. ನನಗೆ ಎರಡೂ ಬರುವುದಿಲ್ಲ. ಆಫೀಸಿಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ತಾರೀಖಿನ ಪ್ರಕಾರ ಡ್ರಾವರಿನಲ್ಲಿ ಜೋಡಿಸಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಬಂಧುಗಳ ಪಟ್ಟಿಯಲ್ಲಿ ನಮ್ಮ ಡ್ರೈವರುಗಳ ಹೆಸರು ಹುಡುಕಿದೆ. ಆಮೇಲೆ, ಯಾರ ಮನೆಯ ಲಗ್ನ ಯಾವ ಊರಲ್ಲೋ ಆ ಊರಿನ ಮೇಲೆ ಹಾಯುವ ಮಾಲನ್ನೇ ಅವರಿಗೆ ಕೊಟ್ಟೆ. ಲಗ್ನದ ಊಟದ ಹೊತ್ತಿಗೆ ಸರಿಯಾಗಿ ಟ್ರಿಪ್ ಚೀಟಿಯಲ್ಲಿ ‘ಟೈರ್ ತಪಾಸಣೆ, ಒಂದು ತಾಸು’ ಎಂದು ಬರೆದೆ. ಅವರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ತಿಂಗಳು ಒಂದು ಗಾಡಿಯೂ ಕೆಡಲಿಲ್ಲ.

“ಕಲತ ಹುಡಿಗಿ ಬಂದ ಮ್ಯಾಲ ಇಂಜಿನ್ನಿಗೂ ಬುದ್ಧಿ ಬಂದೈತಿ ನೋಡ್ರಿ,” ಎಂದು ಕಾಕಾ ಬಂದವರಿಗೆಲ್ಲ ಚಹಾ ಕುಡಿಸಿದರು.

ಮೇ ತಿಂಗಳಲ್ಲಿ ಅಥಣಿ ಆಚೆಯ ಒಬ್ಬ ರೈತ ಹೆಂಗಸು, ಚಿಕ್ಕಮ್ಮನ ವಯಸ್ಸಿನವಳೆಂದು ನಾನು ಮಾವಶಿ ಎನ್ನುತ್ತಿದ್ದವಳು, ಒಣದ್ರಾಕ್ಷಿ ಕಳಿಸಲು ಗಾಡಿ ಕೇಳಿದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೆಳೆದು, ಒಬ್ಬಳೇ ಒಣಗಿಸಿದ ಮಾಲು. ಮೀರಜ್ ಕಡೆಯ ಕೋಲ್ಡ್ ಸ್ಟೋರೇಜಿನವರು ಅಂದು ಸಂಜೆ ಐದರೊಳಗೆ ಬಂದರೆ ಮಾತ್ರ ಜಾಗ ಎಂದಿದ್ದರು. ದಿನಾ ನಾಲ್ಕರ ಸುಮಾರಿಗೆ ಗಾಳಿ ಎದ್ದು ಮಳೆ ಹೊಡೆಯುತ್ತಿತ್ತು. ತಾಡಪತ್ರಿ ಎಷ್ಟು ಬಿಗಿದರೂ ಮೂಲೆಯಲ್ಲಿ ನೀರು ಇಳಿಯುತ್ತದೆ. ತೊಯ್ದ ದ್ರಾಕ್ಷಿ ಕಪ್ಪಾದರೆ ಆಕೆಯ ವರ್ಷವೇ ಹೋಯಿತು. ಅವತ್ತು ಖಾಲಿ ಇದ್ದದ್ದು ನಮ್ಮ ಹಿರಿಯ ಡ್ರೈವರ್ ಮಾಮಾ ಒಬ್ಬರೇ. ಅವರ ಅಕ್ಕನ ಮಗಳ ಲಗ್ನ ಅಂದೇ, ಹಾದಿಯ ಮೇಲಿನ ಮಂಗಸೂಳಿಯಲ್ಲಿ. ಮುಹೂರ್ತ ಹನ್ನೆರಡು ಮೂವತ್ತೈದು. ನಾನು ಹನ್ನೆರಡೂ ಕಾಲರಿಂದ ಒಂದೂ ಕಾಲರವರೆಗೆ ಟೈರ್ ತಪಾಸಣೆ ಬರೆದು ನಿಶ್ಚಿಂತೆಯಿಂದ ಕೂತೆ.

ಎರಡು ಗಂಟೆಗೆ ಮಾವಶಿಯ ಫೋನು. ಆಕೆ ಮಾಲಿನ ಜೊತೆ ಲಾರಿಯಲ್ಲೇ ಬಂದಿದ್ದಳು.

“ಯವ್ವಾ, ನಿಮ್ಮ ಡ್ರೈವರ್ ಗಾಡಿ ಬಿಟ್ಟು ಹಂದರದಾಗ ಹೊಕ್ಕಾನ. ಕೇಳಿದ್ರ ನೀನಽ ಬರದಕೊಟ್ಟ ಚೀಟಿ ತೋರಸ್ತಾನ. ಟೈರ್ ಹೊರಗ ಅದಾವ, ಒಳಗ ಏನ್ ತಪಾಸ ಮಾಡಾಕತ್ತಾನ?”

“ಅಕ್ಷತಿ ಬಿತ್ತೇನ್ರಿ?”

“ಎಲ್ಲೀದು! ವರನ ಮೆರವಣಿಗಿ ಇನ್ನಾ ಗುಡಿ ಮುಂದ ಐತಿ. ಕುಣ್ಯಾಕತ್ತಾರ.”

ತಪ್ಪು ನನ್ನದೇ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದು, ಪತ್ರಿಕೆಯಲ್ಲಿ ಅಚ್ಚಾದ ವೇಳೆಯನ್ನು ನಂಬಿದ್ದೆ. ಕಾಕಾ ಒಳಗೆ ಮಲಗಿದ್ದರು. ಎಬ್ಬಿಸಿದರೆ ಡ್ರಾವರಿನ ಕತೆಯೂ ಹೊರಬೀಳುತ್ತಿತ್ತು. ಸ್ಕೂಟಿ ತೆಗೆದೆ.

ಮಂಗಸೂಳಿಯಲ್ಲಿ ಲಾರಿ ರಸ್ತೆಬದಿ ನಿಂತಿತ್ತು. ಮಾವಶಿ ಒಳಗೆ ಕೂತು ನನ್ನನ್ನಲ್ಲ, ಪಡುವಣದ ಮೋಡವನ್ನು ನೋಡುತ್ತಿದ್ದಳು. ಮಾಮಾ ಗುಲಾಬಿ ರುಮಾಲು ಸುತ್ತಿಕೊಂಡು ಹಂದರದ ಬಾಗಿಲಲ್ಲಿದ್ದರು.

“ಮಾಮಾ, ನಡೀರಿ.”

“ಹೆಂಗ ಬರ್ಲಿ ಯವ್ವಾ? ಹುಡಿಗಿ ಬೆನ್ನಿಗೆ ನಿಂದ್ರಾಂವ ನಾನು. ಅಕ್ಷತಿ ಬಿದ್ದ ಗಳಿಗಿಗೆ ಹೊಂಡತೀನಿ. ಈಗ ಹೋದ್ರ ನಮ್ಮಕ್ಕ ಜಲ್ಮದಾಗ ನನ್ನ ಕೂಡ ಮಾತಾಡಂಗಿಲ್ಲ.”

ಅದೂ ಖರೆ. ಹಾಗಾದರೆ ಅಕ್ಷತೆಯನ್ನೇ ಮುಂಚೆ ಬೀಳಿಸಬೇಕು. ಗುಡಿಯ ಮುಂದೆ ಹೋದೆ. ಡಿಜೆ ಸದ್ದಿಗೆ ಕಿಟಕಿಗಳು ನಡುಗುತ್ತಿದ್ದವು. ಬಾಸಿಂಗ ಕಟ್ಟಿದ ವರ ಕುದುರೆಯ ಮೇಲೆ ಬೆವರುತ್ತ, ಯಾರಾದರೂ ತನ್ನನ್ನು ನೆನಪಿಸಿಕೊಳ್ಳಲಿ ಎಂಬಂತೆ ಕೂತಿದ್ದ. ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ಹಿಂಜರಿಯುವ ನಾನು, ಎಲ್ಲರಿಗಿಂತ ಜೋರಾಗಿ ಕುಣಿಯುತ್ತಿದ್ದ ದಪ್ಪ ಮೀಸೆಯವರ ಕಿವಿಯ ಹತ್ತಿರ ಹೋಗಿ ಒದರಿದೆ:

“ಅಲ್ಲಿ ಮೊದಲ ಪಂಗ್ತಿ ಕುಂತೈತ್ರಿ. ಜಿಲೇಬಿ ಕಡಿಮಿ ಬಿದ್ದಾವಂತ.”

ಅವರ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. “ಏ, ಹಾಡ ಬಂದ್ ಮಾಡಲೇ!”

ಒಂದು ತಾಸಿನಿಂದ ಹತ್ತು ಹೆಜ್ಜೆ ಮುಂದೆ ಹೋಗದ ಮೆರವಣಿಗೆ ಐದು ನಿಮಿಷದಲ್ಲಿ ಹಂದರ ಸೇರಿತು. ಕುದುರೆ ಎಲ್ಲರ ಹಿಂದೆ ಓಡುತ್ತ ಬಂತು. ಪಂಗ್ತಿ ಎಲ್ಲಿ ಎಂದು ಬೀಗರು ಕೇಳುವಷ್ಟರಲ್ಲಿ, ಇಷ್ಟು ಜನ ಒಟ್ಟಿಗೆ ಸಿಕ್ಕ ಖುಷಿಗೆ ಭಟಜಿ ಅಂತರಪಾಟ ಹಿಡಿಸಿಯೇಬಿಟ್ಟರು. ಅಕ್ಷತೆ ಬಿತ್ತು. ಮಾಮಾ ಅಕ್ಕನ ಮಗಳ ತಲೆ ಸವರಿ, ಕಣ್ಣೊರೆಸಿಕೊಂಡು, ರುಮಾಲು ಸಮೇತ ಲಾರಿ ಹತ್ತಿದರು.

ನಾನೂ ಜಾಗ ಖಾಲಿ ಮಾಡಬೇಕು ಎನ್ನುವಷ್ಟರಲ್ಲಿ ಮೀಸೆಯವರು ಬೆರಳು ತೋರಿಸಿದರು: “ಜಿಲೇಬಿ ಕಡಿಮಿ ಅಂದಾಕಿ ಈಕಿನ!”

ಮದುಮಗಳ ತಾಯಿ ಸೊಂಟದ ಮೇಲೆ ಕೈ ಇಟ್ಟಳು. “ನಮ್ಮ ಮನ್ಯಾಗ ಕಡಿಮಿ? ಕುಂದ್ರ ಬೇ ಇಲ್ಲೆ. ಎಷ್ಟ ತಿಂತಿ ನೋಡೇ ಬಿಡೂಣು.”

ಐದನೆಯ ಜಿಲೇಬಿಯ ಹೊತ್ತಿಗೆ ಹಂದರದ ಪತ್ರಾಸಿನ ತಗಡಿನ ಮೇಲೆ ಮಳೆ ಬಡಿಯತೊಡಗಿತು. ಬಡಿಸುವವಳು ಆರನೆಯದನ್ನು ಹಿಡಿದು ಕಾಯುತ್ತಿದ್ದಳು. ನಾನು ಎಲೆಯ ಪಕ್ಕದ ಫೋನನ್ನೇ ನೋಡುತ್ತಿದ್ದೆ. ಫೋನು ಬಂತು.

“ಗಾಡಿ ಸ್ಟೋರೇಜಿನ ಒಳಗ ನಿಂತೈತಿ. ಇಲ್ಲೂ ಈಗ ಸುರು ಆತ್ ನೋಡು. ಒಂದು ಕಾಳು ತೊಯ್ದಿಲ್ಲ,” ಎಂದಳು ಮಾವಶಿ. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ದನಿ ಬಿಗಿಯಾಯಿತು. “ಆದ್ರ ಮುಂದಿನ ವರ್ಷ ನನಗ ಬಳಗ ಇಲ್ಲದ ಡ್ರೈವರನ್ನ ಹಾಕು.”

“ಅಂಥಾಂವ ನಮ್ಮ ಸೀಮ್ಯಾಗ ಎಲ್ಲೂ ಸಿಗಂಗಿಲ್ರಿ, ಮಾವಶಿ,” ಎಂದೆ.