ಬೆನ್ನು ಹತ್ತಿದವಳು

ನರ್ಸುಗಳನ್ನು ದೇವತೆ ಅಂತ ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಾವೇರಿಯ ಆಸ್ಪತ್ರೆಯೊಂದರಲ್ಲಿ ಹೊಲಸು ಹಾಸಿಗೆ ಬದಲಿಸಿ, ಉಚ್ಚೆಯ ಚೀಲ ಖಾಲಿ ಮಾಡಿ, ಸಂಜೆ ಅಗಡಿಯ ಬಸ್ಸಿನಲ್ಲಿ ನಿಂತುಕೊಂಡು ಮನೆಗೆ ಹೋಗುವ ಹೆಂಗಸು ನಾನು. ನನಗೂ ಸಿಟ್ಟು ಬರುತ್ತದೆ, ದ್ವೇಷವೂ ಇದೆ. ಒಬ್ಬ ಮುದುಕನನ್ನಂತೂ ಮನಸಾರೆ ದ್ವೇಷಿಸಿದೆ.

ಅವನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಕಫ ಕಟ್ಟಿ, ಜ್ವರ ಬಂದು, ನಿತ್ರಾಣನಾಗಿ ಬಂದಿದ್ದ. ಮೊದಲ ದಿನ ಹಾಸಿಗೆ ಸರಿಮಾಡುವಾಗ ಅವನ ಸೊಂಟದ ಕೆಳಗೆ, ಬೆನ್ನೆಲುಬು ಮುಗಿಯುವಲ್ಲಿ, ಚರ್ಮ ಕೆಂಪಗಾಗಿದ್ದು ಕಂಡೆ. ಅಂಗಾತ ಮಲಗಿ ಮಲಗಿ ಆದದ್ದು. ಸಕ್ಕರೆ ಕಾಯಿಲೆಯ ಮನುಷ್ಯ. ಅದು ಒಡೆದು ಹುಣ್ಣಾದರೆ ಸುಲಭಕ್ಕೆ ಮಾಯುವುದಿಲ್ಲ, ಜೀವಕ್ಕೇ ಕುತ್ತು. ಆಗಾಗ ಮಗ್ಗಲು ಬದಲಿಸುತ್ತಿರಬೇಕು, ಅಷ್ಟೆ.

ಹೊರಳಿಸಲು ಕೈ ಹಾಕಿದೆ. "ಯಾವೂರು ನಿಂದು?" ಅಂದ. ಹೇಳಿದೆ. "ಅಗಡಿಯಾಗ ಯಾವ ಓಣಿ?" ಅದನ್ನೂ ಹೇಳಿದೆ. ನಮ್ಮ ಕಡೆ ಓಣಿ ಕೇಳಿದರೆ ಜಾತಿ ಕೇಳಿದ ಹಾಗೆಯೇ. ಕೇಳಿದವನಿಗೆ ಕೆಟ್ಟ ಹೆಸರು ಮಾತ್ರ ಬರುವುದಿಲ್ಲ. ಅವನು ಕಿಟಕಿಯ ಕಡೆ ಮುಖ ತಿರುಗಿಸಿ, ಪಕ್ಕದಲ್ಲೇ ಇದ್ದ ಹೆಂಡತಿಗೆ ಹೇಳಿದ, "ಈಕಿ ನನ್ನ ಮೈ ಮುಟ್ಟೂದು ಬ್ಯಾಡ. ಬ್ಯಾರೆ ಸಿಸ್ಟರ್‌ನ ಕಳಸಾಕ ಹೇಳು." ಸಲಾಯಿನ್ ನಳಿಗೆಗೆ ನಾನು ಔಷಧಿ ಹಾಕಿದರೆ ನಡೆಯುತ್ತಿತ್ತು. ಔಷಧಿಗೆ ಓಣಿ ಇಲ್ಲವಲ್ಲ.

ಬೇರೆ ಸಿಸ್ಟರ್ ಬಂದಳು. ಬೆಣ್ಣೆಯಂಥ ಮಾತಿನವಳು. "ಅಜ್ಜಾರ, ಹೊರಳ್ತೀರೇನ್ರಿ?" ಅನ್ನುವಳು, ಅವನು ಒಲ್ಲೆನೆಂದರೆ ಹೊದಿಕೆ ಹೊದಿಸಿ ಬಂದುಬಿಡುವಳು. "ಕೇಳೂದು ನಮ್ಮ ಕೆಲಸ. ಒಲ್ಲೆ ಅಂದ್ರ ನಮ್ಮ ತಪ್ಪೇನೈತಿ? ನಿನಗ್ಯಾಕ ಬೇಕವಾ, ಬಿಡು," ಅಂದಳು ನನಗೆ. ಬಿಡಬಹುದಿತ್ತು. ಕೊಳೆಯಲಿ ಹಾಳಾದವನು ಅಂತ ಅಂದುಕೊಂಡೆ ಕೂಡ. ಆದರೆ ಊಟದ ಡಬ್ಬಿ ಬಿಚ್ಚಿದರೆ ಆ ಕೆಂಪು ಕಲೆಯೇ ಕಣ್ಣ ಮುಂದೆ. ಡಬ್ಬಿ ಮುಚ್ಚಿಟ್ಟೆ. ಮನಸ್ಸಾಕ್ಷಿ ಅಂದರೆ ಕರುಣೆ ಅಂತ ತಿಳಿದವರು ತಿಳಿಯಲಿ. ನನಗೆ ಬಂದದ್ದು ಬರೀ ಸಿಟ್ಟು.

ಎದ್ದು ಹೋಗಿ ಕಿಟಕಿಯ ಕಡೆ, ಅವನ ಮುಖದ ಎದುರಿಗೇ, ಸ್ಟೂಲು ಎಳೆದುಕೊಂಡು ಕೂತೆ. ನನ್ನ ಮುಖ ನೋಡಲಾರದೆ ಅವನು ನರಳುತ್ತ ಗೋಡೆಯ ಕಡೆ ಹೊರಳಿದ. ಪೂರಾ ಹೊರಳಿ ಬೆನ್ನು ತೋರಿಸಿದ. ನನಗೆ ಅವಮಾನ ಮಾಡಿದೆನೆಂದು ಅವನ ಲೆಕ್ಕ. ನನಗೆ ಬೇಕಾದದ್ದೇ ಆ ಬೆನ್ನು. ಅಂಗಿ ಎತ್ತಿ ಬೆವರು ಒರೆಸಲು, ಹಿಂದೆ ದಿಂಬು ಆನಿಸಲು ಹೆಂಡತಿಗೆ ಹೇಳಿದೆ.

ಸ್ವಲ್ಪ ಹೊತ್ತು ಬಿಟ್ಟು ಗೋಡೆಯ ಕಡೆ ಹೋಗಿ ನಿಂತೆ. "ದೆವ್ವ ಬೆನ್ನ ಹತ್ತಿದಂಗ ಬೆನ್ನ ಹತ್ತ್ಯಾಳಲ್ಲ ಈಕಿ," ಅಂತ ಬೈದು ಕಿಟಕಿಗೆ ಹೊರಳಿದ. ಆಮೇಲೆ ದಿನಾ ಇದೇ ಆಟ. ನನ್ನ ಪಾಳಿ ಮುಗಿದ ಮೇಲೆ ಅವನ ಹೆಂಡತಿ, "ಆಕಿ ಬಂದ್ಳು ನೋಡ್ರಿ," ಅಂತ ಸುಳ್ಳು ಹೇಳಿ ಹೊರಳಿಸುತ್ತಿದ್ದಳಂತೆ. ಆ ಹೆಂಗಸಿಗೆ ಎಲ್ಲಾ ತಿಳಿದಿತ್ತು.

ಮನೆಗೆ ಕರೆದೊಯ್ಯಲು ರಾಣೆಬೆನ್ನೂರಿನಿಂದ ಮಗಳು ಕಾರು ತಂದಳು. ಬೆಣ್ಣೆ ಮಾತಿನವಳಿಗೆ ಒಂದು ಚೀಲ ಒಣಮೆಣಸಿನಕಾಯಿ ಸಿಕ್ಕಿತು. ನನ್ನ ಕಡೆ ಗದ್ದ ತೋರಿಸಿ ಅವನು ಮಗಳಿಗೆ ಹೇಳಿದ, "ಒಂದ ಮಗ್ಗಲಾ ಸುಖಾ ಮಲಗಾಕ ಬಿಡ್ಲಿಲ್ಲ ಈಕಿ." ಖರೇ ಮಾತು. ಹೆಂಡತಿ ಅಂಗಿ ತೊಡಿಸುವಾಗ ಆ ಬೆನ್ನನ್ನು ಕೊನೆಯ ಸಲ ನೋಡಿದೆ. ಎಲ್ಲಿಯೂ ಕೆಂಪಿರಲಿಲ್ಲ.

ಅವನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಮತ್ತೆ ಬಂದು ಮಲಗಿದರೆ, ಅವನ ಮುಖ ಯಾವ ಕಡೆ ಇರುತ್ತದೋ ಆ ಕಡೆಗೇ ಹೋಗಿ ನಿಲ್ಲುತ್ತೇನೆ.